ಲೋಟದಲ್ಲಿ ಕಾಲರಾ, ಬಟ್ಟಲಲ್ಲಿ ಮೊಸರು

1892ನೇ ಇಸವಿ. ಯೂರೋಪಿನಲ್ಲಿ ಮತ್ತೊಮ್ಮೆ ಕಾಲರಾ ಮಾರಿ ಕಾಲಿಟ್ಟಿತ್ತು. ಜರ್ಮನಿಯ ಬಂದರು ನಗರ ಹ್ಯಾಂಬರ್ಗ್ ಒಂದರಲ್ಲೇ ಎಂಟು ಸಾವಿರಕ್ಕೂ ಹೆಚ್ಚು ಮಂದಿ ಸತ್ತರು. ಫ್ರಾನ್ಸಿಗೂ ರೋಗ ಬಂದಿತ್ತು. ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯಲ್ಲಿ ಕೆಲಸ ಮಾಡುತ್ತಿದ್ದ 47 ವರ್ಷದ ಗಡ್ಡಧಾರಿ ವಿಜ್ಞಾನಿಯೊಬ್ಬ ಆಗ ಮೈ ಜುಮ್ಮೆನ್ನುವ ಕೆಲಸವೊಂದನ್ನು ಮಾಡಿದ. ಕಾಲರಾ ರೋಗಾಣುಗಳನ್ನು ಬೆಳೆಸಿದ್ದ ದ್ರವವನ್ನು ತಾನೇ ಕುಡಿದುಬಿಟ್ಟ!

ಆತನಿಗೆ ಏನೂ ಆಗಲಿಲ್ಲ. ಪ್ರಯೋಗಾಲಯದ ಸಹಾಯಕನೊಬ್ಬ ತಾನೂ ಕುಡಿಯುತ್ತೇನೆಂದು ಮುಂದೆ ಬಂದ. ಅವನಿಗೂ ಏನೂ ಆಗಲಿಲ್ಲ. ಧೈರ್ಯ ಹೆಚ್ಚಿತು. ಮತ್ತೊಬ್ಬ ಯುವಕ ಕುಡಿದ. ಅವನನ್ನು ಮಾತ್ರ ಕಾಲರಾ ಹಿಡಿದುಕೊಂಡಿತು. ಸಾವಿನ ಬಾಗಿಲಿನವರೆಗೆ ಹೋಗಿ ಬದುಕಿ ಬಂದ. ಇಂಥ ಪ್ರಯೋಗಕ್ಕೆ ಇಂದು ಯಾವ ಸಂಸ್ಥೆಯೂ ಅನುಮತಿ ಕೊಡುವುದಿಲ್ಲ, ಕೊಡಲೂಬಾರದು. ಆದರೆ ಅಂದು ಎದ್ದ ಪ್ರಶ್ನೆ ಮಾತ್ರ ಬಹಳ ದೊಡ್ಡದು. ಒಂದೇ ರೋಗಾಣು ಒಬ್ಬನನ್ನು ಹಿಂಡಿ ಹಾಕಿ, ಇನ್ನೊಬ್ಬನನ್ನು ಮುಟ್ಟದೆ ಹೋದದ್ದು ಏಕೆ?

ಆ ಗಡ್ಡಧಾರಿಯ ಹೆಸರು ಎಲಿ ಮೆಚ್ನಿಕಾಫ್. ನಮ್ಮ ಶಾಲಾ ಪುಸ್ತಕಗಳಲ್ಲಿ ‘ಬಿಳಿ ರಕ್ತಕಣಗಳು ದೇಹದ ಸೈನಿಕರು’ ಎಂಬ ಮಾತಿದೆಯಲ್ಲ, ಅದರ ಮೂಲ ಈತನಲ್ಲಿದೆ. ದೇಹ ಒಂದು ಕೋಟೆ, ರೋಗಾಣು ಶತ್ರು, ರಕ್ತಕಣ ಯೋಧ ಎಂಬ ಚಿತ್ರವನ್ನು ಜಗತ್ತಿಗೆ ಕೊಟ್ಟವನು ಈತ. ದೇಹದೊಳಗಿನ ಸೂಕ್ಷ್ಮಜೀವಿಗಳೆಲ್ಲ ಶತ್ರುಗಳಲ್ಲ, ಅವುಗಳಲ್ಲಿ ಕೆಲವು ನಮ್ಮ ಪರವಾಗಿಯೂ ನಿಲ್ಲುತ್ತವೆ ಎಂದು ಅನುಮಾನಪಟ್ಟ ಮೊದಲಿಗರಲ್ಲೂ ಈತ ಒಬ್ಬ. ಮೊದಲನೆಯ ಮಾತನ್ನು ಜಗತ್ತು ಬೇಗ ಒಪ್ಪಿಕೊಂಡಿತು. ಎರಡನೆಯದನ್ನು ಸರಿಯಾಗಿ ಅರ್ಥ ಮಾಡಿಕೊಳ್ಳಲು ನೂರು ವರ್ಷ ಬೇಕಾಯಿತು.

ನಕ್ಷತ್ರಮೀನಿನ ಮೈಯಲ್ಲಿ ಗುಲಾಬಿ ಮುಳ್ಳು

ಮೆಚ್ನಿಕಾಫ್ ಹುಟ್ಟಿದ್ದು 1845ರಲ್ಲಿ, ಅಂದಿನ ರಷ್ಯಾ ಸಾಮ್ರಾಜ್ಯಕ್ಕೆ ಸೇರಿದ್ದ, ಇಂದು ಯುಕ್ರೇನಿನಲ್ಲಿರುವ ಖಾರ್ಕಿವ್ ಸೀಮೆಯ ಹಳ್ಳಿಯಲ್ಲಿ. ಆತ ವೈದ್ಯನಲ್ಲ, ಪ್ರಾಣಿಶಾಸ್ತ್ರಜ್ಞ. ಸಮುದ್ರದ ಸಣ್ಣ ಸಣ್ಣ ಜೀವಿಗಳು ಹೇಗೆ ಬೆಳೆಯುತ್ತವೆ ಎಂಬುದು ಆತನ ಆಸಕ್ತಿಯ ವಿಷಯ.

ಆದರೆ ರೋಗ ಆತನ ಮನೆಯನ್ನು ಬಿಡಲಿಲ್ಲ. 1869ರಲ್ಲಿ ಮದುವೆಯಾದಾಗ ವಧು ಲುದ್ಮಿಲಾ ಕ್ಷಯದಿಂದ ಎಷ್ಟು ಬಳಲಿದ್ದಳೆಂದರೆ ಆಕೆಯನ್ನು ಕುರ್ಚಿಯಲ್ಲಿ ಕೂರಿಸಿ ಚರ್ಚಿಗೆ ಹೊತ್ತು ತರಬೇಕಾಯಿತು. ನಾಲ್ಕು ವರ್ಷಗಳಲ್ಲಿ ಆಕೆ ತೀರಿಕೊಂಡಳು. ಮೆಚ್ನಿಕಾಫ್ ದುಃಖದಲ್ಲಿ ಬದುಕನ್ನೇ ಮುಗಿಸಿಕೊಳ್ಳಲು ಹೋಗಿ ಉಳಿದುಕೊಂಡ. ಎರಡನೆಯ ಹೆಂಡತಿ ಓಲ್ಗಾಳಿಗೆ 1880ರಲ್ಲಿ ಟೈಫಾಯಿಡ್ ಬಂತು. ಆಕೆ ಹೇಗೋ ಚೇತರಿಸಿಕೊಂಡಳು. ಕೆಲವರು ಸಾಯುತ್ತಾರೆ, ಕೆಲವರು ಉಳಿಯುತ್ತಾರೆ. ಈ ವ್ಯತ್ಯಾಸ ಆತನಿಗೆ ಪುಸ್ತಕದ ಪ್ರಶ್ನೆಯಾಗಿರಲಿಲ್ಲ.

ಒಡೆಸ್ಸಾ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕನಾಗಿದ್ದ ಮೆಚ್ನಿಕಾಫ್ ಅಲ್ಲಿನ ರಾಜಕೀಯ ಗದ್ದಲಕ್ಕೆ ಬೇಸತ್ತು 1882ರಲ್ಲಿ ರಾಜೀನಾಮೆ ಕೊಟ್ಟು, ಸಂಸಾರದೊಡನೆ ಇಟಲಿಯ ಸಿಸಿಲಿ ದ್ವೀಪದ ಮೆಸ್ಸಿನಾಕ್ಕೆ ಹೋದ. ಸಮುದ್ರದ ದಂಡೆಯ ಮನೆ, ಒಂದು ಸೂಕ್ಷ್ಮದರ್ಶಕ. ಇಷ್ಟೇ ಆತನ ಪ್ರಯೋಗಾಲಯ. ಒಂದು ದಿನ ಮನೆಯವರೆಲ್ಲ ಕೋತಿಗಳ ಆಟ ನೋಡಲು ಸರ್ಕಸ್ಸಿಗೆ ಹೋಗಿದ್ದರು. ಮೆಚ್ನಿಕಾಫ್ ಒಬ್ಬನೇ ಕುಳಿತು ನಕ್ಷತ್ರಮೀನಿನ ಮರಿಗಳನ್ನು ನೋಡುತ್ತಿದ್ದ. ನೀರಿನಷ್ಟೇ ಪಾರದರ್ಶಕವಾದ ಅವುಗಳ ಮೈಯೊಳಗೆ ಕೆಲವು ಜೀವಕೋಶಗಳು ಅತ್ತಿತ್ತ ಸಂಚರಿಸುತ್ತಿರುವುದು ಕಾಣುತ್ತಿತ್ತು. ಇವು ಹೊರಗಿನಿಂದ ಬಂದ ವಸ್ತುವಿನ ಮೇಲೆ ಬೀಳುವ ಕಾವಲುಗಾರರಾಗಿರಬಹುದೇ ಎಂಬ ಯೋಚನೆ ಥಟ್ಟನೆ ಹೊಳೆಯಿತು.

ಹಿತ್ತಲಿನಿಂದ ಗುಲಾಬಿಯ ಮುಳ್ಳುಗಳನ್ನು ತಂದು ಮರಿಗಳ ಚರ್ಮದಡಿ ಚುಚ್ಚಿದ. ರಾತ್ರಿಯಿಡೀ ನಿದ್ದೆ ಬರಲಿಲ್ಲ. ಬೆಳಗಾಗುತ್ತಲೇ ನೋಡಿದರೆ, ಮುಳ್ಳಿನ ಸುತ್ತ ಆ ಕೋಶಗಳು ಮುತ್ತಿಕೊಂಡಿದ್ದವು! ನಮ್ಮ ಬೆರಳಿಗೆ ಮುಳ್ಳು ಚುಚ್ಚಿದಾಗ ಸುತ್ತ ಊದಿಕೊಂಡು ಕೀವಾಗುತ್ತದಲ್ಲವೇ? ಅದೂ ಇದೇ ಮುತ್ತಿಗೆಯ ಫಲ. ಅಲ್ಲಿಯವರೆಗೆ ವೈದ್ಯರು ರೋಗಾಣು ತುಂಬಿಕೊಂಡ ಬಿಳಿ ಕಣಗಳನ್ನು ಕಂಡಿರಲಿಲ್ಲವೆಂದಲ್ಲ. ಆದರೆ ಆ ಕಣಗಳೇ ರೋಗವನ್ನು ಮೈಯೆಲ್ಲ ಹೊತ್ತು ತಿರುಗುತ್ತವೆ ಎಂದು ಹಲವರು ತಿಳಿದಿದ್ದರು. ಹೊತ್ತು ತಿರುಗುತ್ತಿಲ್ಲ, ತಿಂದು ಹಾಕುತ್ತಿವೆ ಎಂದ ಮೆಚ್ನಿಕಾಫ್. ಈ ಕೋಶಗಳಿಗೆ ‘ಫ್ಯಾಗೊಸೈಟ್’ ಎಂಬ ಗ್ರೀಕ್ ಮೂಲದ ಹೆಸರು ಸಿಕ್ಕಿತು. ಕನ್ನಡದಲ್ಲಿ ಭಕ್ಷಕ ಕೋಶ ಎನ್ನೋಣ.

ಮುಂದೆ 1884ರಲ್ಲಿ ಆತ ನೀರುಚಿಗಟ ಎನ್ನಬಹುದಾದ ಡ್ಯಾಫ್ನಿಯಾ ಎಂಬ ಜೀವಿಯಲ್ಲಿ ಇದೇ ಕಾಳಗವನ್ನು ತೋರಿಸಿದ. ಸೂಜಿಯಂಥ ಶಿಲೀಂಧ್ರದ ಬೀಜಕಣಗಳು ಅದರ ಮೈ ಹೊಕ್ಕಾಗ ಭಕ್ಷಕ ಕೋಶಗಳು ಬಂದು ಮುತ್ತುತ್ತವೆ. ಕೋಶಗಳು ಗೆದ್ದರೆ ಚಿಗಟ ಬದುಕುತ್ತದೆ, ಶಿಲೀಂಧ್ರ ಗೆದ್ದರೆ ಸಾಯುತ್ತದೆ. ಸೂಕ್ಷ್ಮದರ್ಶಕದ ಕೆಳಗೆ ಕಣ್ಣಾರೆ ಕಾಣುವ ಯುದ್ಧ!

ಕೋಶವೋ, ದ್ರವವೋ?

ಈ ಮಾತನ್ನು ಎಲ್ಲರೂ ಕೂಡಲೇ ಒಪ್ಪಲಿಲ್ಲ. ಮುಖ್ಯವಾಗಿ ಜರ್ಮನಿಯಲ್ಲಿ ರಾಬರ್ಟ್ ಕಾಕ್ ಮತ್ತು ಆತನ ಬಳಗದವರು ಮೂಗು ಮುರಿದರು. ಕೋಶಗಳನ್ನೆಲ್ಲ ಸೋಸಿ ತೆಗೆದ ಬರೀ ರಕ್ತಸಾರವೂ ರೋಗಾಣುಗಳನ್ನು ಕೊಲ್ಲುತ್ತದೆ ಎಂದು ಅವರು ತೋರಿಸಿದರು. 1890ರಲ್ಲಿ ಬೇರಿಂಗ್ ಮತ್ತು ಜಪಾನಿನ ಕಿತಾಸಾತೊ, ಡಿಫ್ತೀರಿಯಾ ಮತ್ತು ಧನುರ್ವಾಯುವಿನ ವಿಷವನ್ನು ಮುರಿಯುವ ವಸ್ತು ರಕ್ತಸಾರದಲ್ಲಿ ಇದೆಯೆಂದು ಸಾಧಿಸಿದರು. ಇಂದು ನಾವು ಪ್ರತಿಕಾಯ ಎನ್ನುವುದು ಇದನ್ನೇ. ಒಂದು ಕಡೆ ಕೋಶವಾದಿಗಳು, ಇನ್ನೊಂದು ಕಡೆ ದ್ರವವಾದಿಗಳು. 1870ರ ಯುದ್ಧದ ನಂತರ ಫ್ರಾನ್ಸ್ ಮತ್ತು ಜರ್ಮನಿಗಳ ನಡುವೆ ಇದ್ದ ಹಗೆಯೂ ಈ ಜಗಳಕ್ಕೆ ಉಪ್ಪು ಖಾರ ಹಚ್ಚಿತು.

ಮೆಚ್ನಿಕಾಫ್‌ಗೆ ನೆಲೆ ಕೊಟ್ಟವನು ಲೂಯಿ ಪಾಶ್ಚರ್. 1888ರಲ್ಲಿ ತನ್ನ ಹೊಸ ಸಂಸ್ಥೆಯಲ್ಲಿ ಆತನಿಗೊಂದು ಪ್ರಯೋಗಾಲಯವನ್ನೇ ಬಿಟ್ಟುಕೊಟ್ಟ. ಮೆಚ್ನಿಕಾಫ್ ಕೊನೆಯವರೆಗೂ ಅಲ್ಲಿಯೇ ದುಡಿದ. ಎರಡೂ ಪಕ್ಷಗಳು ಹೇಳಿದ್ದು ಅರ್ಧರ್ಧ ಸತ್ಯ ಎಂಬುದು ನಿಧಾನವಾಗಿ ತಿಳಿಯಿತು. ಪ್ರತಿಕಾಯಗಳು ರೋಗಾಣುವಿಗೆ ಅಂಟಿಕೊಂಡು ಗುರುತು ಹಾಕುತ್ತವೆ. ಗುರುತು ಬಿದ್ದ ರೋಗಾಣುವನ್ನು ಭಕ್ಷಕ ಕೋಶ ಸುಲಭವಾಗಿ ನುಂಗುತ್ತದೆ. 1908ರ ನೊಬೆಲ್ ಪ್ರಶಸ್ತಿಯನ್ನು ಮೆಚ್ನಿಕಾಫ್ ಮತ್ತು ದ್ರವಪಕ್ಷದ ಪೌಲ್ ಎರ್ಲಿಕ್ ಇಬ್ಬರಿಗೂ ಹಂಚಿ ಕೊಟ್ಟದ್ದು ಒಂದು ರೀತಿಯ ರಾಜಿಯೇ ಸರಿ.

ಹುಬ್ಬಳ್ಳಿಗೆ ಬಂದ ಶಿಷ್ಯ ಪರಂಪರೆ

ಈ ಕಥೆಯ ಒಂದು ಎಳೆ ಕನ್ನಡ ನಾಡಿಗೂ ಬಂದು ಸೇರುತ್ತದೆ. ಒಡೆಸ್ಸಾದಲ್ಲಿ ಮೆಚ್ನಿಕಾಫ್‌ನ ಶಿಷ್ಯನಾಗಿದ್ದ ವಾಲ್ಡೆಮಾರ್ ಹಾಫ್‌ಕಿನ್ ಎಂಬ ಯಹೂದಿ ಯುವಕ ಗುರುವನ್ನು ಹಿಂಬಾಲಿಸಿ ಪ್ಯಾರಿಸ್ಸಿಗೆ ಬಂದ. ಮೊದಲಿಗೆ ಅವನಿಗೆ ಸಿಕ್ಕಿದ್ದು ಪುಸ್ತಕ ಭಂಡಾರದ ಕೆಲಸ. ಅದೇ 1892ರ ಜುಲೈಯಲ್ಲಿ ಅವನು ಕಾಲರಾ ಲಸಿಕೆ ತಯಾರಿಸಿ ತನಗೇ ಚುಚ್ಚಿಕೊಂಡ. ಮರುವರ್ಷ ಭಾರತಕ್ಕೆ ಬಂದು ಊರೂರು ತಿರುಗಿ ಲಸಿಕೆ ಹಾಕಿದ. 1896ರಲ್ಲಿ ಮುಂಬಯಿಯಲ್ಲಿ ಪ್ಲೇಗ್ ಕಾಣಿಸಿಕೊಂಡಾಗ ಅದಕ್ಕೂ ಲಸಿಕೆ ಸಿದ್ಧಪಡಿಸಿ, 1897ರ ಜನವರಿಯಲ್ಲಿ ಮತ್ತೆ ಮೊದಲು ತನ್ನ ಮೇಲೆಯೇ ಪರೀಕ್ಷಿಸಿದ.

1898ರಲ್ಲಿ ಪ್ಲೇಗ್ ಹುಬ್ಬಳ್ಳಿ ಧಾರವಾಡಗಳನ್ನು ಕಂಗೆಡಿಸಿತು. ಆ ವರ್ಷದ ಆಗಸ್ಟ್‌ನಲ್ಲಿ ಬೆಂಗಳೂರಿಗೂ ಕಾಲಿಟ್ಟಿತು. ಹಾಫ್‌ಕಿನ್ ಲಸಿಕೆಯನ್ನು ದೊಡ್ಡ ಪ್ರಮಾಣದಲ್ಲಿ ಹಾಕಿದ ಊರುಗಳಲ್ಲಿ ಹುಬ್ಬಳ್ಳಿಯೂ ಒಂದು. ಪ್ಲೇಗಿನ ಮಾರಮ್ಮನಿಗೆ ಹರಕೆ ಹೊತ್ತ ಜನರೇ ಸೂಜಿಗೂ ತೋಳೊಡ್ಡಿದ ಕಾಲ ಅದು. ಲಸಿಕೆ ಮಾಡುವುದೇನು? ಶತ್ರುವಿನ ಗುರುತನ್ನು ಮೊದಲೇ ತೋರಿಸಿ ದೇಹವನ್ನು ಎಚ್ಚರಿಸುವುದು. ಕಾಲರಾ, ಪ್ಲೇಗುಗಳ ವಿಷಯದಲ್ಲಿ ಯುದ್ಧದ ಚಿತ್ರ ಪೂರ್ತಿ ನಿಜ. ಸಿಡುಬು ಭೂಮಿಯಿಂದಲೇ ತೊಲಗಿದ್ದು ಲಸಿಕೆಯಿಂದ. ಅದರಲ್ಲಿ ಯಾರಿಗೂ ಸಂಶಯ ಬೇಡ.

ಆದರೆ ಗುರುವನ್ನು ಕಾಡುತ್ತಿದ್ದುದು ಬೇರೆಯೇ ಪ್ರಶ್ನೆ. ಲಸಿಕೆಯನ್ನೇ ಹಾಕಿಸಿಕೊಳ್ಳದ ತನಗೆ ಕಾಲರಾ ಏಕೆ ಬರಲಿಲ್ಲ?

ಮೂರನೆಯ ಪಕ್ಷ

ಕಾಲರಾ ಕುಡಿದವನು ಮೆಚ್ನಿಕಾಫ್ ಒಬ್ಬನೇ ಅಲ್ಲ. ಅದೇ ವರ್ಷದ ಅಕ್ಟೋಬರ್ 7ರಂದು ಮ್ಯೂನಿಕ್ ನಗರದಲ್ಲಿ 73 ವರ್ಷದ ಆರೋಗ್ಯಶಾಸ್ತ್ರಜ್ಞ ಮ್ಯಾಕ್ಸ್ ಫಾನ್ ಪೆಟೆನ್‌ಕೋಫರ್ ಕೂಡ ಕುಡಿದ. ರೋಗಾಣು ಒಂದರಿಂದಲೇ ಕಾಲರಾ ಬರುವುದಿಲ್ಲ ಎಂದು ಕಾಕ್‌ನಿಗೆ ತೋರಿಸಿಕೊಡುವುದು ಆತನ ಹಟ. ಸ್ವಲ್ಪ ಭೇದಿಯಾಯಿತೇ ಹೊರತು ಹೆಚ್ಚೇನೂ ಆಗಲಿಲ್ಲ. ತಾನು ಗೆದ್ದೆನೆಂದು ಆತ ಭಾವಿಸಿದ. ರೋಗಾಣುವಿನ ವಿಷಯದಲ್ಲಿ ಗೆದ್ದವನು ಕಾಕ್‌ನೇ. ಕಾಲರಾಕ್ಕೆ ಆ ರೋಗಾಣುವೇ ಕಾರಣ. ಆದರೆ ರೋಗಾಣು ಹೊಟ್ಟೆಗೆ ಹೋದ ಮಾತ್ರಕ್ಕೆ ರೋಗ ಬಂದೇ ಬರಬೇಕೆಂದಿಲ್ಲ ಎಂಬುದೂ ಸಾಬೀತಾಯಿತು.

ಮೆಚ್ನಿಕಾಫ್ ಈ ಗಂಟನ್ನು ಬಿಡಿಸಲು ಕುಳಿತ. ಗಾಜಿನ ತಟ್ಟೆಗಳಲ್ಲಿ ಕಾಲರಾ ರೋಗಾಣುವಿನ ಜೊತೆಗೆ ಬೇರೆ ಬೇರೆ ಸೂಕ್ಷ್ಮಜೀವಿಗಳನ್ನು ಬೆಳೆಸಿ ನೋಡಿದ. ಕೆಲವು ಅದರ ಬೆಳವಣಿಗೆಗೆ ನೆರವಾದವು, ಕೆಲವು ಅಡ್ಡಿಯಾದವು. ಹಾಲು ಕುಡಿಯುವ ಮೊಲದ ಮರಿಗಳ ಮೇಲೂ ಪ್ರಯೋಗ ನಡೆಸಿದ. ಆತನ ತರ್ಕ ಇಷ್ಟೇ: ಕರುಳು ಖಾಲಿ ಮನೆಯಲ್ಲ. ಅಲ್ಲಿ ಮೊದಲೇ ಒಕ್ಕಲಿರುವ ಜೀವಿಗಳಿವೆ. ಹೊಸಬ ಒಳಗೆ ಬಂದಾಗ ಆ ಹಳೆಯ ಒಕ್ಕಲುಗಳು ಏನು ಮಾಡುತ್ತವೆ ಎಂಬುದರ ಮೇಲೆ ರೋಗ ಬರುವುದೂ ಬಿಡುವುದೂ ನಿಂತಿದೆ. ದೇಹ ಮತ್ತು ರೋಗಾಣು ಎಂಬ ಎರಡು ಪಕ್ಷಗಳ ನಡುವೆ ಮೂರನೆಯದೊಂದು ಪಕ್ಷವನ್ನು ಆತ ಕಂಡಿದ್ದ.

ಮೊಸರಿನ ಹುಚ್ಚು

ಇಲ್ಲಿಂದ ಮುಂದೆ ಆತ ಹಾದಿ ತಪ್ಪಿದ. ವಯಸ್ಸಾದಂತೆ ಮುಪ್ಪಿನ ಚಿಂತೆ ಹತ್ತಿತು. ಮನುಷ್ಯನಿಗೆ ದೊಡ್ಡ ಕರುಳು ಬೇಡವಾದ ಅಂಗ, ಅಲ್ಲಿ ಕೊಳೆಸುವ ಬ್ಯಾಕ್ಟೀರಿಯಾಗಳು ಉಂಟುಮಾಡುವ ವಿಷವೇ ಮುಪ್ಪಿಗೆ ಕಾರಣ ಎಂದು ಆತ ನಂಬಿದ. ಈ ವಿಷದಿಂದ ದುರ್ಬಲವಾದ ನರಕೋಶಗಳನ್ನು ತನ್ನ ಪ್ರೀತಿಯ ಭಕ್ಷಕ ಕೋಶಗಳೇ ತಿನ್ನಲು ಹತ್ತುತ್ತವೆ, ಬೇಲಿಯೇ ಎದ್ದು ಹೊಲ ಮೇಯ್ದಂತೆ ಎಂಬುದು ಆತನ ವಾದ.

ಪರಿಹಾರ? ಬಲ್ಗೇರಿಯಾದ ಹಳ್ಳಿಗರು ದೀರ್ಘಾಯುಷಿಗಳು, ಅವರು ಹುಳಿ ಮೊಸರನ್ನು ಧಾರಾಳವಾಗಿ ಉಣ್ಣುತ್ತಾರೆ ಎಂಬ ಸುದ್ದಿ ಆತನ ಕಿವಿಗೆ ಬಿದ್ದಿತ್ತು. 1905ರಲ್ಲಿ ಬಲ್ಗೇರಿಯಾದ ಯುವ ವಿಜ್ಞಾನಿ ಸ್ಟಾಮೆನ್ ಗ್ರಿಗೊರೊವ್ ಆ ಮೊಸರಿನಲ್ಲಿದ್ದ ಬ್ಯಾಕ್ಟೀರಿಯಾವನ್ನು ಪತ್ತೆ ಮಾಡಿದ್ದ. ಹಾಲನ್ನು ಹುಳಿ ಮಾಡುವ ಈ ಜೀವಿಗಳು ಕೊಳೆಸುವ ಜೀವಿಗಳನ್ನು ಹತ್ತಿಕ್ಕುತ್ತವೆ ಎಂದು ಮೆಚ್ನಿಕಾಫ್ ಸಾರಿದ. ತಾನೂ ದಿನವೂ ಹುಳಿ ಹಾಲು ಕುಡಿದ. 1904ರಲ್ಲಿ ಪ್ಯಾರಿಸ್ಸಿನಲ್ಲಿ ಮುಪ್ಪಿನ ಬಗ್ಗೆ ಆತ ಮಾಡಿದ ಭಾಷಣವೂ, 1907ರಲ್ಲಿ ದೀರ್ಘಾಯುಷ್ಯದ ಬಗ್ಗೆ ಬರೆದ ಪುಸ್ತಕವೂ ಯೂರೋಪು ಅಮೆರಿಕಗಳಲ್ಲಿ ಮೊಸರಿನ ಹುಚ್ಚನ್ನೇ ಹಿಡಿಸಿದವು. ದಿನವೂ ಹೆಪ್ಪು ಹಾಕುವ ನಮ್ಮ ಮನೆಗಳಲ್ಲಿ ಇದನ್ನು ಓದಿದರೆ ನಗು ಬಂದೀತು. ನಮಗೆ ಊಟದ ಕೊನೆಯ ತುತ್ತು ಮಾತ್ರವಾದದ್ದು ಅಲ್ಲಿ ಔಷಧದ ಅಂಗಡಿಯಲ್ಲಿ ಗುಳಿಗೆಯಾಗಿ ಮಾರಾಟವಾಯಿತು!

ಹುಚ್ಚು ಅಷ್ಟಕ್ಕೇ ನಿಲ್ಲಲಿಲ್ಲ. ಕರುಳಿನ ವಿಷದ ಭಯ ಎಷ್ಟು ಹಬ್ಬಿತೆಂದರೆ ಲಂಡನ್ನಿನ ಹೆಸರಾಂತ ಶಸ್ತ್ರವೈದ್ಯ ಆರ್ಬತ್‌ನಾಟ್ ಲೇನ್, ಮಲಬದ್ಧತೆಯಿಂದ ಬಳಲುವವರ ದೊಡ್ಡ ಕರುಳನ್ನೇ ಕತ್ತರಿಸಿ ತೆಗೆಯುತ್ತಿದ್ದ. ಮೆಚ್ನಿಕಾಫ್ 1916ರಲ್ಲಿ 71ನೇ ವಯಸ್ಸಿನಲ್ಲಿ ಹೃದಯದ ಕಾಯಿಲೆಯಿಂದ ತೀರಿಕೊಂಡ. ಕೆಲವೇ ವರ್ಷಗಳಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಲಿಯೊ ರೆಟ್ಗರ್, ಬಲ್ಗೇರಿಯಾದ ಬ್ಯಾಕ್ಟೀರಿಯಾ ಮನುಷ್ಯನ ಕರುಳಿನಲ್ಲಿ ನೆಲೆ ನಿಲ್ಲುವುದಿಲ್ಲ ಎಂದು ತೋರಿಸಿದ. ಮೊಸರಿನ ಸಿದ್ಧಾಂತದ ಜೊತೆಗೆ ಮೂರನೆಯ ಪಕ್ಷದ ಮಾತೂ ಮೂಲೆಗೆ ಬಿತ್ತು.

ಸೂಕ್ಷ್ಮಜೀವಿಯಿಲ್ಲದ ಇಲಿ

ಆ ಮಾತಿಗೆ ಮರುಜೀವ ಬಂದದ್ದು ಒಂದು ವಿಚಿತ್ರ ಪ್ರಯತ್ನದಿಂದ. ಮೈಯಲ್ಲಿ ಒಂದೂ ಸೂಕ್ಷ್ಮಜೀವಿ ಇಲ್ಲದ ಪ್ರಾಣಿಯನ್ನು ಸಾಕಲು ಸಾಧ್ಯವೇ? ಸಾಧ್ಯವಿಲ್ಲ, ಅವಿಲ್ಲದೆ ಪ್ರಾಣಿ ಬದುಕಲಾರದು ಎಂದು ಪಾಶ್ಚರ್ 1885ರಲ್ಲೇ ಊಹಿಸಿದ್ದ. 1895ರಲ್ಲಿ ಬರ್ಲಿನ್ನಿನಲ್ಲಿ ನಟಲ್ ಮತ್ತು ತಿಯರ್‌ಫೆಲ್ಡರ್ ಎಂಬಿಬ್ಬರು ಗಿನಿಯಿಲಿಯ ಮರಿಯನ್ನು ತಾಯಿಯ ಹೊಟ್ಟೆ ಕೊಯ್ದು ತೆಗೆದು, ಶುದ್ಧೀಕರಿಸಿದ ಪೆಟ್ಟಿಗೆಯಲ್ಲಿ ಕೆಲವು ದಿನ ಬದುಕಿಸಿದರು. ಮುಂದೆ ಅಮೆರಿಕದ ನೋತ್ರ್ ಡೇಮ್ ವಿಶ್ವವಿದ್ಯಾಲಯದ ಜೇಮ್ಸ್ ರೇನಿಯರ್ಸ್ ಉಕ್ಕಿನ ಪೆಟ್ಟಿಗೆಗಳಲ್ಲಿ ಇಂಥ ಪ್ರಾಣಿಗಳನ್ನು ಪೀಳಿಗೆಗಟ್ಟಲೆ ಸಾಕಿ ತೋರಿಸಿದ. ಪಾಶ್ಚರ್‌ನ ಊಹೆ ತಪ್ಪಾಗಿತ್ತು, ಪ್ರಾಣಿಗಳು ಬದುಕಿದವು.

ಆದರೆ ಹೇಗೆ ಬದುಕಿದವು? ರೋಗಾಣುಗಳೇ ಇಲ್ಲದ ಸ್ವರ್ಗದಲ್ಲಿ ಬೆಳೆದ ಅವುಗಳ ರೋಗನಿರೋಧಕ ವ್ಯವಸ್ಥೆ ಅರೆಬೆಂದಂತೆ ಇತ್ತು. ಕರುಳಿನ ಗೋಡೆಯಲ್ಲಿ ಇರಬೇಕಾದ ರೋಗನಿರೋಧಕ ಅಂಗಾಂಶಗಳು ಪುಟ್ಟದಾಗಿದ್ದವು, ಪ್ರತಿಕಾಯಗಳು ಕಡಿಮೆ ಇದ್ದವು. ಪೆಟ್ಟಿಗೆಯಿಂದ ಹೊರಬಂದರೆ ಸಣ್ಣ ಸೋಂಕಿಗೂ ಸುಲಭವಾಗಿ ತುತ್ತಾಗುತ್ತಿದ್ದವು. ಸಾಮಾನ್ಯ ಸೂಕ್ಷ್ಮಜೀವಿಗಳನ್ನು ಅವುಗಳ ಕರುಳಿಗೆ ಸೇರಿಸಿದರೆ ಆ ಅಂಗಾಂಶಗಳು ಬೆಳೆಯತೊಡಗುತ್ತಿದ್ದವು. ಅಂದರೆ ಸೈನ್ಯವನ್ನು ಪಳಗಿಸುವವರು ಯಾರು? ಒಳಗಿನ ಒಕ್ಕಲುಗಳೇ!

1954ರಲ್ಲಿ ಷಿಕಾಗೋದ ಬಾನ್‌ಹಾಫ್, ಮಿಲ್ಲರ್ ಮತ್ತು ಸಂಗಡಿಗರು ಇನ್ನೊಂದು ಪುರಾವೆ ಕೊಟ್ಟರು. ಇಲಿಗಳಿಗೆ ಸಾಲ್ಮೊನೆಲ್ಲ ಎಂಬ ರೋಗಾಣುವಿನ ಸೋಂಕು ತಗುಲಿಸಲು ಸುಮಾರು ಒಂದು ಲಕ್ಷ ರೋಗಾಣುಗಳು ಬೇಕಾಗುತ್ತಿದ್ದವು. ಅದೇ ಇಲಿಗೆ ಮೊದಲು ಸ್ಟ್ರೆಪ್ಟೊಮೈಸಿನ್ ಎಂಬ ಆ್ಯಂಟಿಬಯಾಟಿಕ್ ಕೊಟ್ಟರೆ? ಹತ್ತಕ್ಕಿಂತ ಕಡಿಮೆ ರೋಗಾಣು ಸಾಕಾಯಿತು! ಇಲಿ ಅದೇ, ರೋಗಾಣು ಅದೇ. ಬದಲಾದದ್ದು ಕರುಳಿನ ಒಕ್ಕಲು ಮಾತ್ರ.

ನಿತ್ಯದ ಒಪ್ಪಂದ

ಇಂದಿನ ಲೆಕ್ಕ ಹೀಗಿದೆ. 2016ರಲ್ಲಿ ಇಸ್ರೇಲ್ ಮತ್ತು ಕೆನಡಾದ ವಿಜ್ಞಾನಿಗಳು ಮಾಡಿದ ಅಂದಾಜಿನಂತೆ ಸರಾಸರಿ ಮನುಷ್ಯನ ದೇಹದಲ್ಲಿ ಸುಮಾರು 30 ಲಕ್ಷ ಕೋಟಿ ಸ್ವಂತ ಜೀವಕೋಶಗಳಿದ್ದರೆ, ಬ್ಯಾಕ್ಟೀರಿಯಾಗಳು ಸುಮಾರು 38 ಲಕ್ಷ ಕೋಟಿ. ಎಲ್ಲವನ್ನೂ ತೂಗಿದರೆ ಸುಮಾರು 200 ಗ್ರಾಂ. ಬಹುಪಾಲು ಇರುವುದು ದೊಡ್ಡ ಕರುಳಿನಲ್ಲಿ, ಮೆಚ್ನಿಕಾಫ್ ಬೇಡವೆಂದ ಅದೇ ಅಂಗದಲ್ಲಿ.

ಭಕ್ಷಕ ಕೋಶಗಳು ರೋಗಾಣುವನ್ನು ಹೇಗೆ ಗುರುತಿಸುತ್ತವೆ ಎಂಬುದು ಮೆಚ್ನಿಕಾಫ್‌ಗೆ ತಿಳಿದಿರಲಿಲ್ಲ. ಬ್ಯಾಕ್ಟೀರಿಯಾಗಳ ಹೊರಗೋಡೆಯಲ್ಲಿ ನಮ್ಮ ಮೈಯಲ್ಲಿ ಇಲ್ಲದ ಕೆಲವು ವಸ್ತುಗಳಿವೆ. ಅವುಗಳನ್ನು ಮುಟ್ಟಿ ಗುರುತಿಸುವ ಗ್ರಾಹಕಗಳು ನಮ್ಮ ಕೋಶಗಳಲ್ಲಿವೆ. ಹಣ್ಣಿನ ನೊಣ ಮತ್ತು ಇಲಿಗಳಲ್ಲಿ ಇದನ್ನು ಕಂಡುಹಿಡಿದ ಹಾಫ್‌ಮನ್ ಮತ್ತು ಬಾಯ್ಟ್ಲರ್ ಅವರಿಗೆ 2011ರ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ಸಿಕ್ಕಿತು. ಆದರೆ ತೊಡಕು ಇರುವುದೂ ಇಲ್ಲಿಯೇ. ಆ ವಸ್ತುಗಳು ರೋಗ ತರುವ ಬ್ಯಾಕ್ಟೀರಿಯಾದಲ್ಲೂ ಇವೆ, ರೋಗ ತರದ ಬ್ಯಾಕ್ಟೀರಿಯಾದಲ್ಲೂ ಇವೆ. ಹಾಗಾದರೆ ನಮ್ಮ ಕರುಳಿನಲ್ಲಿ ಹಗಲೂ ರಾತ್ರಿ ಕುರುಕ್ಷೇತ್ರವೇಕೆ ನಡೆಯುತ್ತಿಲ್ಲ?

ಮೊದಲನೆಯದಾಗಿ, ನಡುವೆ ಬೇಲಿಯಿದೆ. ದೊಡ್ಡ ಕರುಳಿನ ಒಳಮೈಗೆ ಎರಡು ಪದರದ ಲೋಳೆ ಹೊದಿಕೆಯಿದೆ. ಹೊರಪದರದಲ್ಲಿ ಬ್ಯಾಕ್ಟೀರಿಯಾ ತುಂಬಿರುತ್ತವೆ. ಗೋಡೆಗೆ ಅಂಟಿದ ಒಳಪದರದಲ್ಲಿ ಹೆಚ್ಚು ಕಡಿಮೆ ಇರುವುದೇ ಇಲ್ಲ. ಎರಡನೆಯದಾಗಿ, ದೇಹ ದಿನವೂ ಕರುಳಿನೊಳಕ್ಕೆ ಐಜಿಎ ಎಂಬ ಪ್ರತಿಕಾಯವನ್ನು ಸುರಿಸುತ್ತದೆ. ಉಳಿದೆಲ್ಲ ಪ್ರತಿಕಾಯಗಳ ಉತ್ಪಾದನೆ ಸೇರಿಸಿದರೂ ಇದರಷ್ಟು ಆಗುವುದಿಲ್ಲ. ಇದು ಬ್ಯಾಕ್ಟೀರಿಯಾಗಳಿಗೆ ಅಂಟಿಕೊಂಡು, ಉರಿಯೂತ ಎಬ್ಬಿಸದೆ, ಅವು ಗೋಡೆಯ ಹತ್ತಿರ ಬಾರದಂತೆ ತಡೆಯುತ್ತದೆ.

ಮೂರನೆಯದು ಇನ್ನೂ ಸ್ವಾರಸ್ಯಕರ. ನಾವು ತಿಂದ ಕಾಳು, ಸೊಪ್ಪು, ರಾಗಿಯ ನಾರನ್ನು ನಮ್ಮ ಕರುಳು ಅರಗಿಸಲಾರದು. ಬ್ಯಾಕ್ಟೀರಿಯಾಗಳು ಅದರಲ್ಲಿ ಬಹಳಷ್ಟನ್ನು ಹುದುಗಿಸಿ ಬ್ಯುಟಿರೇಟ್ ಮುಂತಾದ ಆಮ್ಲಗಳನ್ನು ಮಾಡುತ್ತವೆ. ಈ ಬ್ಯುಟಿರೇಟ್ ನಿಯಂತ್ರಕ ಟಿ ಕೋಶಗಳೆಂಬ ಒಂದು ಬಗೆಯ ಬಿಳಿ ಕಣಗಳು ಬೆಳೆಯಲು ನೆರವಾಗುತ್ತದೆ ಎಂದು 2013ರಲ್ಲಿ ಇಲಿಗಳ ಮೇಲಿನ ಪ್ರಯೋಗಗಳು ತೋರಿಸಿದವು. ಈ ಕೋಶಗಳ ಕೆಲಸ ಕಾದಾಡುವುದಲ್ಲ, ಕಾದಾಡುವವರ ಕೈ ಹಿಡಿಯುವುದು. ಅವುಗಳ ಕುರಿತ ಸಂಶೋಧನೆಗೆ 2025ರ ನೊಬೆಲ್ ಪ್ರಶಸ್ತಿ ಬ್ರಂಕೊ, ರಾಮ್ಸ್‌ಡೆಲ್ ಮತ್ತು ಜಪಾನಿನ ಸಕಗುಚಿ ಅವರಿಗೆ ಬಂತು. ಬೇಲಿ ಕಿತ್ತುಹೋದಾಗ, ಕೈ ಹಿಡಿಯುವವರು ಕಡಿಮೆಯಾದಾಗ ಇದೇ ಕರುಳಿನಲ್ಲಿ ನಿಜವಾಗಿಯೂ ಯುದ್ಧ ನಡೆಯುತ್ತದೆ. ಕರುಳಿನ ದೀರ್ಘಕಾಲದ ಉರಿಯೂತದ ಕಾಯಿಲೆಗಳಲ್ಲಿ ಕಾಣುವುದು ಅದನ್ನೇ.

ತೊಟ್ಟಿಲಿನಿಂದಲೇ ಪಾಠ

ಈ ಒಪ್ಪಂದ ಶುರುವಾಗುವುದು ಹುಟ್ಟಿನೊಂದಿಗೆ. ಮೆಚ್ನಿಕಾಫ್ ಇದ್ದ ಪಾಶ್ಚರ್ ಸಂಸ್ಥೆಯಲ್ಲೇ ಆನ್ರಿ ಟಿಸಿಯೆ ಎಂಬ ಮಕ್ಕಳ ವೈದ್ಯ, ಎದೆಹಾಲು ಕುಡಿಯುವ ಕೂಸುಗಳ ಮಲದಲ್ಲಿ ಇಂಗ್ಲಿಷಿನ ‘ವೈ’ ಅಕ್ಷರದಂತೆ ಕವಲೊಡೆದ ಬ್ಯಾಕ್ಟೀರಿಯಾಗಳನ್ನು 1899ರ ಸುಮಾರಿಗೆ ಕಂಡಿದ್ದ. ಇಂದು ಅವುಗಳ ಹೆಸರು ಬೈಫಿಡೊಬ್ಯಾಕ್ಟೀರಿಯಂ. ತಾಯಿಯ ಹಾಲಿನಲ್ಲಿ ಕೂಸಿಗೇ ಅರಗದ ಕೆಲವು ಸಕ್ಕರೆಗಳಿವೆ. ಕೂಸಿಗೆ ಅರಗದ್ದನ್ನು ತಾಯಿ ಏಕೆ ಉಣಿಸುತ್ತಾಳೆ? ಅದು ಕೂಸಿನ ಕರುಳಿನ ಈ ಬ್ಯಾಕ್ಟೀರಿಯಾಗಳಿಗೆ ಊಟ. ಒಬ್ಬರಿಗೆ ಹಾಲೂಡಿಸುವಾಗ ತಾಯಿ ಲಕ್ಷಾಂತರ ಜೀವಿಗಳನ್ನು ಪೊರೆಯುತ್ತಿರುತ್ತಾಳೆ.

ಇದು ಪ್ರಯೋಗಾಲಯದ ಕುತೂಹಲ ಮಾತ್ರವಲ್ಲ ಎಂಬುದಕ್ಕೆ ಒಡಿಶಾದ ಹಳ್ಳಿಗಳು ಸಾಕ್ಷಿ. ನವಜಾತ ಶಿಶುಗಳ ರಕ್ತಕ್ಕೆ ನಂಜೇರುವ ಸೆಪ್ಸಿಸ್ ನಮ್ಮ ದೇಶದಲ್ಲಿ ಶಿಶುಮರಣದ ದೊಡ್ಡ ಕಾರಣಗಳಲ್ಲೊಂದು. ಪಿನಾಕಿ ಪಾಣಿಗ್ರಾಹಿ ಮತ್ತು ಸಂಗಡಿಗರು ಅಲ್ಲಿ 4,556 ಶಿಶುಗಳ ಮೇಲೆ ನಡೆಸಿದ ಅಧ್ಯಯನ 2017ರಲ್ಲಿ ಪ್ರಕಟವಾಯಿತು. ಸಾಕಷ್ಟು ತೂಕವಿದ್ದ, ಎದೆಹಾಲು ಕುಡಿಯುತ್ತಿದ್ದ ಕೂಸುಗಳಲ್ಲಿ ಅರ್ಧದಷ್ಟಕ್ಕೆ ಒಂದು ಆಯ್ದ ತಳಿಯ ಲ್ಯಾಕ್ಟೊಬ್ಯಾಸಿಲಸ್ಸನ್ನು ಅದಕ್ಕೆ ಬೇಕಾದ ಸಕ್ಕರೆಯೊಂದಿಗೆ ಏಳು ದಿನ ಕೊಡಲಾಯಿತು. ಎರಡು ತಿಂಗಳಲ್ಲಿ ಸೆಪ್ಸಿಸ್ ಅಥವಾ ಸಾವಿಗೆ ತುತ್ತಾದವರ ಪ್ರಮಾಣ ಶೇಕಡ 9ರಿಂದ 5.4ಕ್ಕೆ ಇಳಿಯಿತು. ಏಳು ದಿನಗಳ ಅಗ್ಗದ ಪುಡಿಯಿಂದ ಇಷ್ಟು!

ಹಾಗೆಂದು ಔಷಧದ ಅಂಗಡಿಯಲ್ಲಿ ಸಿಕ್ಕ ‘ಪ್ರೊಬಯಾಟಿಕ್’ಗಳನ್ನೆಲ್ಲ ಕೂಸಿನ ಬಾಯಿಗೆ ಹಾಕುವುದಲ್ಲ. ಅವಧಿಗೆ ಮುನ್ನ ಹುಟ್ಟಿದ ಬಡಕಲು ಶಿಶುಗಳಲ್ಲಿ ಇಂಥ ಜೀವಿಗಳೇ ರಕ್ತ ಸೇರಿ ಅಪಾಯ ತರಬಹುದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2023ರಲ್ಲಿ ಎಚ್ಚರಿಸಿತು. ಮೆಚ್ನಿಕಾಫ್ ಕಾಲದ ಮೊಸರಿನ ಹುಚ್ಚಿನಿಂದ ಕಲಿಯಬೇಕಾದ ಪಾಠವೂ ಇದೇ. ಯಾವ ಜೀವಿ, ಯಾರಿಗೆ, ಯಾವಾಗ ಎಂಬುದನ್ನು ಪರೀಕ್ಷಿಸಿಯೇ ತಿಳಿಯಬೇಕು.

ಮಾತ್ರೆಯ ಮೇಲಿನ ಕೆಂಪು ಗೆರೆ

ಒಕ್ಕಲು ಎದ್ದುಹೋದರೆ ಏನಾಗುತ್ತದೆ ಎಂಬುದಕ್ಕೂ ಮನುಷ್ಯರಲ್ಲೇ ಉದಾಹರಣೆಯಿದೆ. ಆ್ಯಂಟಿಬಯಾಟಿಕ್ ತೆಗೆದುಕೊಂಡ ಕೆಲವರಿಗೆ ನಿಲ್ಲದ ಭೇದಿ ಹಿಡಿಯುತ್ತದೆ. ಕ್ಲಾಸ್ಟ್ರಿಡಿಯಂ ಡಿಫಿಸಿಲ್ ಎಂಬ ಬ್ಯಾಕ್ಟೀರಿಯಾ ತೆರವಾದ ಜಾಗವನ್ನು ಆಕ್ರಮಿಸಿಕೊಳ್ಳುವುದೇ ಇದಕ್ಕೆ ಕಾರಣ ಎಂಬುದು 1978ರಲ್ಲಿ ಗೊತ್ತಾಯಿತು. ಅದಕ್ಕೂ ಮುಂಚೆಯೇ, 1958ರಲ್ಲಿ, ಅಮೆರಿಕದ ಡೆನ್ವರ್‌ನ ಶಸ್ತ್ರವೈದ್ಯ ಬೆನ್ ಐಸ್‌ಮನ್ ಮತ್ತು ಸಂಗಡಿಗರು ಇಂಥದೇ ತೀವ್ರ ಭೇದಿಯ ನಾಲ್ವರು ರೋಗಿಗಳಿಗೆ ಆರೋಗ್ಯವಂತರ ಮಲದ ದ್ರಾವಣವನ್ನು ಕರುಳಿಗೆ ಸೇರಿಸಿ ಗುಣಪಡಿಸಿದ್ದರು. ಅಸಹ್ಯವೆನಿಸಬಹುದು. ಆದರೆ 2013ರಲ್ಲಿ ನೆದರ್ಲೆಂಡ್ಸ್‌ನಲ್ಲಿ ನಡೆದ ಪರೀಕ್ಷೆಯಲ್ಲಿ ಹೀಗೆ ಚಿಕಿತ್ಸೆ ಪಡೆದ 16 ಮಂದಿಯಲ್ಲಿ 13 ಮಂದಿ ಮೊದಲ ಸಲಕ್ಕೇ ಗುಣವಾದರು. ಬರೀ ಆ್ಯಂಟಿಬಯಾಟಿಕ್ ಪಡೆದ 13 ಮಂದಿಯಲ್ಲಿ ಗುಣವಾದವರು ನಾಲ್ವರು. 2022ರಲ್ಲಿ ಅಮೆರಿಕ ಇಂಥ ಸಿದ್ಧ ಔಷಧಕ್ಕೆ ಮೊದಲ ಬಾರಿಗೆ ಅನುಮತಿ ನೀಡಿತು.

ಆ್ಯಂಟಿಬಯಾಟಿಕ್ ಕೋಟ್ಯಂತರ ಜೀವ ಉಳಿಸಿದ ಔಷಧ. ಬೇಕಾದಾಗ ತೆಗೆದುಕೊಳ್ಳಲೇಬೇಕು. ಆದರೆ ವೈರಸ್ಸಿನಿಂದ ಬಂದ ಶೀತ ಕೆಮ್ಮಿಗೆ ಅದು ಏನೂ ಮಾಡದು; ಕರುಳಿನ ಒಕ್ಕಲಿಗೆ ಮಾತ್ರ ಪೆಟ್ಟು ಕೊಡುತ್ತದೆ. ನಮ್ಮ ದೇಶದಲ್ಲಿ ವೈದ್ಯರ ಚೀಟಿಯಿಲ್ಲದೆ ಕೊಳ್ಳಬಾರದ ಔಷಧಗಳ ಪಟ್ಟಿಯ ಮೇಲೆ ಉದ್ದಕ್ಕೂ ಕೆಂಪು ಗೆರೆ ಇರುತ್ತದೆ. 2016ರಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ಆ ಗೆರೆಯನ್ನು ಗಮನಿಸಿ ಎಂದು ಪ್ರಚಾರವನ್ನೂ ನಡೆಸಿತು. ಅಂಗಡಿಯಲ್ಲಿ ‘ಒಂದೆರಡು ಮಾತ್ರೆ ಕೊಡಿ’ ಎಂದು ಕೇಳುವ ಮುನ್ನ ಆ ಗೆರೆಯನ್ನೊಮ್ಮೆ ನೋಡುವುದು ಒಳ್ಳೆಯದು.

ಕೊನೆಗೆ ಆ ಲೋಟದ ಕಥೆಗೆ ಬರೋಣ. ಒಂದೇ ಕಾಲರಾ ಒಬ್ಬನನ್ನು ಬಿಟ್ಟು ಇನ್ನೊಬ್ಬನನ್ನು ಹಿಡಿದದ್ದೇಕೆ? ಹೊಟ್ಟೆಯ ಆಮ್ಲ, ಹಿಂದೆ ತಗುಲಿದ್ದ ಸೋಂಕು ಹೀಗೆ ಕಾರಣಗಳು ಹಲವಿರಬಹುದು. ಆದರೆ 2014ರಲ್ಲಿ ಬಾಂಗ್ಲಾದೇಶದ ಢಾಕಾದಲ್ಲಿ ಕಾಲರಾದಿಂದ ಚೇತರಿಸಿಕೊಳ್ಳುತ್ತಿದ್ದ ರೋಗಿಗಳ ಕರುಳಿನ ಜೀವಿಗಳನ್ನು ಪರೀಕ್ಷಿಸಿದ ವಿಜ್ಞಾನಿಗಳು, ಅವುಗಳಲ್ಲೊಂದು ಬ್ಯಾಕ್ಟೀರಿಯಾ ಕಾಲರಾ ರೋಗಾಣು ನೆಲೆಯೂರದಂತೆ ತಡೆಯುತ್ತದೆ ಎಂದು ಇಲಿಗಳಲ್ಲಿ ತೋರಿಸಿದರು. ಬೇರೆ ಬೇರೆ ಮನುಷ್ಯರ ಕರುಳಿನ ಜೀವಿಗಳನ್ನು ಇಲಿಗಳಿಗೆ ಸೇರಿಸಿದಾಗ ಕೆಲವು ಕಾಲರಾವನ್ನು ತಡೆಯುತ್ತವೆ, ಕೆಲವು ಬಿಟ್ಟುಕೊಡುತ್ತವೆ ಎಂದು 2020ರಲ್ಲಿ ಕ್ಯಾಲಿಫೋರ್ನಿಯಾದ ತಂಡ ಕಂಡುಕೊಂಡಿತು. ಗಾಜಿನ ತಟ್ಟೆಗಳ ಮುಂದೆ ಕುಳಿತು ಮೆಚ್ನಿಕಾಫ್ ಊಹಿಸಿದ್ದು ಇದನ್ನೇ. ಆಗ ಆತನಿಗೆ ತನ್ನ ಮಾತನ್ನು ಸಾಧಿಸುವ ಉಪಕರಣಗಳಿರಲಿಲ್ಲ.

ಕಾಲರಾ ಬಂದವರಿಗೆ ಇಂದಿಗೂ ಬೇಕಾದದ್ದು ಮೊಸರಲ್ಲ. ಕೂಡಲೇ ಓಆರ್‌ಎಸ್ ದ್ರಾವಣ ಮತ್ತು ಆಸ್ಪತ್ರೆ. ರೋಗಾಣು ಬಾಗಿಲು ಮುರಿದು ಬಂದಾಗ ಭಕ್ಷಕ ಕೋಶಗಳು ಕಾದಾಡಲೇಬೇಕು, ಲಸಿಕೆ ಅವಕ್ಕೆ ನೆರವಾಗಲೇಬೇಕು. ಆದರೆ ವರ್ಷದ ಬಹುಪಾಲು ದಿನಗಳಲ್ಲಿ ನಮ್ಮ ರೋಗನಿರೋಧಕ ವ್ಯವಸ್ಥೆ ಮಾಡುವ ಕೆಲಸ ಯುದ್ಧವಲ್ಲ. ಕೋಟಿ ಕೋಟಿ ಒಕ್ಕಲುಗಳೊಡನೆ ಗಡಿ ಕಾಯ್ದುಕೊಂಡು, ಕೊಟ್ಟು ತೆಗೆದುಕೊಂಡು, ಸಂಸಾರ ನಡೆಸುವುದು. ಆ ಸಂಸಾರ ಕೆಡದಂತೆ ನೋಡಿಕೊಳ್ಳುವುದರಲ್ಲಿ ನಮ್ಮ ತಟ್ಟೆಯ ಸೊಪ್ಪು ಕಾಳಿಗೂ, ತೊಟ್ಟಿಲ ಕೂಸಿನ ಎದೆಹಾಲಿಗೂ, ಕೆಂಪು ಗೆರೆಯ ಮಾತ್ರೆಯನ್ನು ಸುಮ್ಮನೆ ನುಂಗದಿರುವ ನಮ್ಮ ತಾಳ್ಮೆಗೂ ಪಾಲಿದೆ.